ಪಾಳಿಯಲ್ಲಿ ನಿಂತ ರೋಗಿಗಳು

ಹೊಟ್ಟೆನೋವನ್ನು ನಮ್ಮ ಜನರು ದೊಡ್ಡ ರೋಗವೆಂದು ಎಣಿಸುವದಿಲ್ಲ. ಜ್ವರ ಬಂದರೆ ಡಾಕ್ಟರರ ಮನೆಗೆ ಓಡುವ ಗೃಹಸ್ಥರು ಕೂಡ ಹೊಟ್ಟೆ ನೊಂದರೆ ಒಂದು ಚಿಟಿಕೆ ಅಜವಾನವನ್ನು ಬಾಯಿಗೆ ಹಾಕಿಕೊಂಡು, ವಾಯುವೆಂದು ಹೇಳಿ, ಮಗ್ಗುಲು ಬದಲಿಸಿ ಮಲಗುವರು. ಆದರೆ ಉಂಡ ಒಂದೆರಡು ತಾಸಿಗೆ ಬಲಪಕ್ಕೆಯ ಅಡಿಯಲ್ಲಿ ಎದ್ದು, ಬೆನ್ನಿಗೂ ಬಲದ ಹೆಗಲಿಗೂ ಹಬ್ಬಿ, ನಟ್ಟಿರುಳಿನಲ್ಲಿ ರೋಗಿಯನ್ನು ಹಾಸಿಗೆಯ ಮೇಲೆ ಎಬ್ಬಿಸಿ ಕೂಡ್ರಿಸುವ ನೋವೊಂದುಂಟು. ಅದು ಪಿತ್ತಕೋಶದ ಹರಳಿನ ನೋವು. ಈ ರೋಗದ ವಿಷಯವಾಗಿಯೂ, ರೋಗವು ಗೊತ್ತಾದ ತರುವಾಯ ಶಸ್ತ್ರಕ್ರಿಯೆಯಾಗುವ ವರೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪ್ರಾಂತದ ಬಡವರು ಕಾಯಬೇಕಾಗುವ ದೀರ್ಘಕಾಲದ ವಿಷಯವಾಗಿಯೂ ಇಂದು ನಾಲ್ಕು ಮಾತು ಬರೆಯಬೇಕೆಂದಿರುತ್ತೇವೆ. ಒಂದು ಅಂಗದ ರೋಗಕ್ಕೆ ಸಂಪಾದಕೀಯದ ಸ್ತಂಭವೇಕೆಂದು ಕೆಲವರು ಕೇಳಬಹುದು. ರೋಗವು ದೇಹದ್ದಾದರೂ ಕಾಯಿಸುವಿಕೆಯು ಆಡಳಿತದ್ದು ಎಂಬದೇ ನಮ್ಮ ಉತ್ತರವು.

ಯಕೃತ್ತಿನ ಕೆಳಗೆ ಅಂಟಿಕೊಂಡಿರುವ ಸಣ್ಣ ಚೀಲವೇ ಪಿತ್ತಕೋಶವು. ಯಕೃತ್ತು ದಿವಸವೊಂದಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ಸ್ರವಿಸುವದು. ಪಿತ್ತಕೋಶವು ಅದರಲ್ಲಿಯ ನೀರನ್ನು ಹೀರಿ, ರಸವನ್ನು ಗಟ್ಟಿ ಮಾಡಿ, 30ರಿಂದ 50 ಮಿಲಿಲೀಟರಿನ ವರೆಗೆ ಕೂಡಿಟ್ಟುಕೊಳ್ಳುವದು. ಜಿಡ್ಡಿನ ಆಹಾರವು ಕರುಳಿಗೆ ಇಳಿದೊಡನೆ ಈ ಚೀಲವು ಹಿಂಡಿಕೊಂಡು ಆ ರಸವನ್ನು ಹೊರಗೆ ಬಿಡುವದು. ರಸದಲ್ಲಿ ಕೊಲೆಸ್ಟರಾಲಾಗಲಿ ಬಣ್ಣದ ದ್ರವ್ಯವಾಗಲಿ ಮಿತಿಮೀರಿದಾಗಲೂ, ಚೀಲವು ಸರಿಯಾಗಿ ಬರಿದಾಗದಿದ್ದಾಗಲೂ ಹರಳು ಕಟ್ಟುವದು. ಗಂಡಸರಿಗಿಂತ ಹೆಂಗಸರಲ್ಲಿ, ಅವರಲ್ಲಿಯೂ ಹಲವು ಸಲ ಹೆತ್ತವರಲ್ಲಿ, ನಲವತ್ತು ದಾಟಿದವರಲ್ಲಿ, ಮೈ ಬೆಳೆದವರಲ್ಲಿ, ಒಮ್ಮೆಲೇ ತೂಕವನ್ನಿಳಿಸಿದವರಲ್ಲಿ ಇದು ಹೆಚ್ಚು. ರಕ್ತಕಣಗಳು ಬೇಗನೆ ಒಡೆಯುವ ರೋಗವುಳ್ಳವರಿಗೆ ಎಳೆಯ ವಯಸ್ಸಿನಲ್ಲಿಯೂ ಬರುವದು. ಹರಳು ಚೀಲದ ಬಾಯಿಗೆ ಅಡ್ಡಬಂದರೆ ನೋವು ಏಳುವದು. ಅದು ಹಿಂದಕ್ಕೆ ಸರಿದರೆ ನೋವು ತಾನಾಗಿಯೇ ಅಡಗುವದು. ಹೀಗೆ ತಾನಾಗಿ ಅಡಗುವ ಗುಣದಿಂದಲೇ ರೋಗಿಯು ಮೋಸಹೋಗುವನು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸತಕ್ಕದ್ದಿದೆ. ಹರಳು ಇದ್ದವರೆಲ್ಲರಿಗೂ ಶಸ್ತ್ರಕ್ರಿಯೆ ಬೇಕಾಗಿಲ್ಲ. ಬೇರೆ ಕಾರಣಕ್ಕಾಗಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಅಕಸ್ಮಾತ್ತಾಗಿ ಕಾಣಿಸಿಕೊಂಡ, ಎಂದೂ ನೋಯದ ಹರಳುಗಳು ಬಹುಮಟ್ಟಿಗೆ ಆಯುಷ್ಯವೆಲ್ಲ ಸುಮ್ಮನೆ ಇರುವವು. ಅಂಥವರಲ್ಲಿ ವರ್ಷಕ್ಕೆ ನೂರಕ್ಕೆ ಕೆಲವರಿಗೆ ಮಾತ್ರ ನೋವು ಪ್ರಾರಂಭವಾಗುವದು. ಇಂಥವರನ್ನು ಹೆದರಿಸಿ ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿಸುವದು ಅನ್ಯಾಯವು. ಮೇಲಾಗಿ ನಿಜವಾಗಿ ನೋಯುತ್ತಿರುವವರ ಪಾಳಿಯನ್ನು ಅದು ಇನ್ನಷ್ಟು ಉದ್ದ ಮಾಡುವದು. ಆದರೆ ಒಮ್ಮೆ ನೋವು ಕಾಣಿಸಿಕೊಂಡಿತೆಂದರೆ ಸಂಗತಿಯೇ ಬೇರೆಯಾಗುವದು. ಅಂಥ ರೋಗಿಗೆ ನೋವು ಮರಳಿ ಬರುವ ಸಂಭವವೇ ಹೆಚ್ಚು. ಪಿತ್ತಕೋಶವನ್ನು ತೆಗೆಸುವದೇ ನಿಶ್ಚಿತವಾದ ಉಪಾಯವು.

ಈ ಉಪಾಯವು ಹೊಸದೇನೂ ಅಲ್ಲ. ಜರ್ಮನಿಯ ಬರ್ಲಿನ್ ನಗರದಲ್ಲಿ ಕಾರ್ಲ್ ಲಾಂಗೆನ್‌ಬುಖ್ ಎಂಬ ವೈದ್ಯರು 1882ರ ಜುಲೈ ತಿಂಗಳಲ್ಲಿ ಮೊದಲನೆಯ ಸಲ ಪಿತ್ತಕೋಶವನ್ನು ತೆಗೆದರು. ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ, ಸಣ್ಣ ರಂಧ್ರಗಳಿಂದ ದುರ್ಬೀನನ್ನು ಇಳಿಸಿ ಮಾಡುವ ಪದ್ಧತಿಯನ್ನು ಅದೇ ದೇಶದ ಎರಿಕ್ ಮ್ಯೂಹೆ 1985ರಲ್ಲಿ ಮಾಡಿ ತೋರಿಸಿದರು. ಐದು ವರ್ಷ ಕಳೆಯುವದರೊಳಗೆ, 1990ರಲ್ಲಿ, ಮುಂಬಯಿಯಲ್ಲಿ ಡಾಕ್ಟರ ತೆಹೆಮ್ಟನ್ ಉದ್ವಾಡಿಯಾ ಅವರು ಇದನ್ನು ಭಾರತದಲ್ಲಿ ನಡೆಯಿಸಿದರು. ಈ ವಿದ್ಯೆಯು ಹಳ್ಳಿಗಾಡಿನ ದವಾಖಾನೆಗಳಿಗೂ ತಲುಪಬೇಕೆಂದು ಅವರು ಶ್ರಮಿಸಿದರು. ಈ ರೀತಿಯಲ್ಲಿ ಮಾಡಿಸಿಕೊಂಡ ರೋಗಿಯು ತೊಡಕುಗಳಿಲ್ಲದಿದ್ದರೆ ಒಂದೆರಡು ದಿವಸಗಳಲ್ಲಿಯೇ ಮನೆಗೆ ಮರಳುವನು. ಪಿತ್ತಕೋಶವಿಲ್ಲದೆಯೂ ಮನುಷ್ಯನು ಚೆನ್ನಾಗಿ ಬದುಕಬಲ್ಲನು. ಪಿತ್ತರಸವು ಯಕೃತ್ತಿನಿಂದ ನೇರವಾಗಿ ಕರುಳಿಗೆ ಇಳಿಯುತ್ತದೆ. ವಿದ್ಯೆಯಿದೆ, ವೈದ್ಯರಿದ್ದಾರೆ, ಉಪಾಯವು ಸಿದ್ಧವಾಗಿದೆ. ಹೀಗಿದ್ದೂ ನಮ್ಮ ರೋಗಿಯು ತಿಂಗಳುಗಟ್ಟಲೆ ನೋವನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗುವದೇಕೆ?

ಕಾಯುವಿಕೆಯು ಒಂದೇ ಎಂದು ಊರಲ್ಲಿದ್ದವರು ತಿಳಿದಿರುವರು. ನಮ್ಮ ಭಾಗದಲ್ಲಿ ಅದು ಒಂದಲ್ಲ, ಆರು. ಯಲಬುರ್ಗಾ ತಾಲೂಕಿನ ಎರೆಭೂಮಿಯಲ್ಲಿ ಕೂಲಿ ಮಾಡುವ ಒಬ್ಬ ತಾಯಿಯನ್ನು ವಾಚಕರು ಮನಸ್ಸಿನಲ್ಲಿ ತಂದುಕೊಳ್ಳಲಿ. ಮೊದಲನೆಯ ಪಾಳಿಯು ರೋಗವು ಯಾವದೆಂದು ತಿಳಿಯುವ ವರೆಗಿನದು. ಆಮ್ಲಪಿತ್ತವೆಂದು, ವಾಯುವೆಂದು ಗುಳಿಗೆ ನುಂಗುತ್ತ ಅರ್ಧ ವರ್ಷ ಕಳೆದುಹೋಗಬಹುದು. ಎರಡನೆಯದು ಸ್ಕ್ಯಾನಿಂಗಿನದು, ಯಂತ್ರವಿದ್ದರೆ ಸಾಲದು, ನೋಡಿ ಹೇಳುವ ವೈದ್ಯರೂ ಆ ದಿವಸ ಇರಬೇಕು. ಮೂರನೆಯದು ಕಾಗದಪತ್ರದ್ದು, ರೇಶನ್ ಕಾರ್ಡಿನಲ್ಲಿ ಹೆಸರೊಂದು, ಆಧಾರದಲ್ಲಿ ಹೆಸರೊಂದು ಆಗಿದ್ದರೆ ಅದನ್ನು ತಿದ್ದಿಸಲಿಕ್ಕೆ ಮತ್ತೆ ಕೆಲವು ಕೂಲಿಯ ದಿವಸಗಳು ಹೋದವು. ನಾಲ್ಕನೆಯದು ದೇಹವು ಹದಕ್ಕೆ ಬರುವದರದು. ರಕ್ತ ಕಡಿಮೆ ಇದೆ, ಸಕ್ಕರೆ ಹೆಚ್ಚಿದೆ, ಕಡಿಮೆಯಾದ ಮೇಲೆ ಬಾ ಎಂಬ ಮಾತು. ಐದನೆಯದು ದಿವಸ ಗೊತ್ತಾಗುವದರದು; ಶಸ್ತ್ರವೈದ್ಯರೂ, ಅರಿವಳಿಕೆ ಕೊಡುವ ವೈದ್ಯರೂ, ಮೇಜೂ, ಹಾಸಿಗೆಯೂ ಒಂದೇ ದಿವಸ ಕೂಡಿಬರಬೇಕು. ಆರನೆಯದು ಮನೆಯದು, ಬಿತ್ತಿಗೆ ಮುಗಿಯಲಿ, ಸುಗ್ಗಿಯಾಗಲಿ, ಮಗಳ ಮದುವೆಯಾಗಲಿ, ಗುಳೆ ಹೋದ ಗಂಡನು ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಗೋವೆಯಿಂದಲೋ ಬರಲಿ ಎಂದು ಆಕೆಯೇ ಮುಂದೂಡುವಳು. ಗಂಗಾವತಿಯ ಕಾಲುವೆಯ ಸೀಮೆಯಲ್ಲಿ ಭತ್ತದ ನಾಟಿಯು ಇದೇ ಕೆಲಸವನ್ನು ಮಾಡುವದು. ಈ ಆರರಲ್ಲಿ ಯಾವದೊಂದನ್ನೂ ಯಾರೂ ಎಲ್ಲಿಯೂ ಬರೆದಿಡುವದಿಲ್ಲ. ಆದ ಕಾರಣ ಒಟ್ಟು ಎಷ್ಟು ಕಾಲ ಕಳೆಯಿತೆಂಬದು ರೋಗಿಯ ಹೊರತು ಯಾರಿಗೂ ತಿಳಿಯುವದಿಲ್ಲ.

ಕಾಯ್ದರೇನು ಕೆಟ್ಟಿತು, ಹರಳಿಗೆ ಅವಸರವೇನು ಎಂದು ಕೇಳುವವರು ಉಂಟು. ಅವರ ಲಕ್ಷ್ಯಕ್ಕೆ ಒಂದು ಸಂಗತಿಯನ್ನು ತರುತ್ತೇವೆ. ವೈದ್ಯಕೀಯ ಪರೀಕ್ಷೆಗಳನ್ನು ಪರಾಮರ್ಶಿಸುವ ಕಾಕ್ರೇನ್ ಸಂಸ್ಥೆಯವರು ಇದೇ ಪ್ರಶ್ನೆಯನ್ನು ವಿಚಾರಿಸಿದಾಗ ಅವರಿಗೆ ದೊರೆತದ್ದು 75 ರೋಗಿಗಳ ಒಂದು ಸಣ್ಣ ಪರೀಕ್ಷೆ. ಅದರಲ್ಲಿ 35 ಜನರಿಗೆ ಕೂಡಲೆ ಶಸ್ತ್ರಕ್ರಿಯೆಯಾಯಿತು. ಉಳಿದ 40 ಜನರು ಸರಾಸರಿ ನಾಲ್ಕು ತಿಂಗಳಿಗಿಂತ ತುಸು ಹೆಚ್ಚು ಕಾಯ್ದರು. ಕಾಯ್ದ ನಲವತ್ತರಲ್ಲಿ ಒಂಬತ್ತು ಜನರಿಗೆ ಪಿತ್ತಕೋಶದ ಉರಿಯೂತ, ಕೀವು, ಕಾಮಾಲೆ, ಮೇದೋಜೀರಕದ ಉರಿಯೂತ ಮೊದಲಾದ ಗಂಡಾಂತರಗಳುಂಟಾದವು, ಒಬ್ಬರು ತೀರಿಕೊಂಡರು. ಪರೀಕ್ಷೆಯು ಸಣ್ಣದು, ಅದೊಂದರಿಂದಲೇ ಎಲ್ಲವನ್ನೂ ನಿರ್ಣಯಿಸಲಾಗದು ಎಂಬದನ್ನು ನಾವು ಬಲ್ಲೆವು. ಆದರೂ ನಾಲ್ಕು ತಿಂಗಳೆಂಬದು ನಮ್ಮ ಸೀಮೆಯ ಬಡವರಿಗೆ ದೊಡ್ಡ ಅವಧಿಯೆಂದು ತೋರಲಾರದೆಂಬ ಮಾತನ್ನು ನೆನೆದರೆ ಮೈ ನಡುಗುವದು. ಪಿತ್ತಕೋಶವು ಉರಿದು ಬಾತ ಮೇಲೆ ಅದೇ ಶಸ್ತ್ರಕ್ರಿಯೆಯು ಕಠಿಣವಾಗುವದು, ಖರ್ಚು ಹೆಚ್ಚುವದು, ದಾರಿಯು ಹುಬ್ಬಳ್ಳಿಗೋ ಬಳ್ಳಾರಿಗೋ ಬೆಳೆಯುವದು. ಹೀಗೆ ಉರಿಯೂತವಾದವರಿಗೆ ಮೊದಲಿನ ಕೆಲವು ದಿವಸಗಳಲ್ಲಿಯೇ ಶಸ್ತ್ರಕ್ರಿಯೆ ಮಾಡುವದು ಆರು ವಾರ ತಡೆದು ಮಾಡುವದಕ್ಕಿಂತ ಲೇಸೆಂದು ಈಗ ಬಲ್ಲವರು ಒಪ್ಪಿರುತ್ತಾರೆ.

ಇನ್ನು ಕಾಯುತ್ತಿರುವವರು ಏನು ಮಾಡತಕ್ಕದ್ದು? ಆಡಳಿತವು ಸುಧಾರಿಸುವ ವರೆಗೆ ರೋಗಿಯು ಬದುಕಿರಬೇಕಷ್ಟೆ. ಮೊದಲನೆಯದು ಆಹಾರದ ವಿಷಯ. ಯಾವ ಪಥ್ಯವೂ ಹರಳನ್ನು ಕರಗಿಸಲಾರದು; ಪಥ್ಯದಿಂದ ನೋವಿನ ಸರದಿಗಳು ಕಡಿಮೆಯಾಗಬಹುದು, ಅಷ್ಟೆ. ನಮ್ಮ ಸೀಮೆಯ ನಿತ್ಯದ ಊಟವು ಇದಕ್ಕೆ ವಿರೋಧವಾದದ್ದಲ್ಲ. ಜೋಳದ ರೊಟ್ಟಿ, ಬೇಳೆಯ ಸಾರು, ಪುಂಡಿಪಲ್ಯ, ಮೆಂತ್ಯದ ಸೊಪ್ಪು, ಹೆಸರುಕಾಳು, ಬೆಣ್ಣೆ ತೆಗೆದ ಮಜ್ಜಿಗೆ, ಇವು ಯಾವವೂ ಬಿಡಬೇಕಾದವುಗಳಲ್ಲ. ಕಡಿಮೆ ಮಾಡಬೇಕಾದದ್ದು ಅವುಗಳ ಜೊತೆಗೆ ಬರುವ ಜಿಡ್ಡು: ರೊಟ್ಟಿಯ ಮೇಲಿನ ಬೆಣ್ಣೆಮುದ್ದೆ, ಎಣ್ಣೆ ಸುರಿದುಕೊಂಡು ಕಲಸುವ ಶೇಂಗಾ ಹಿಂಡಿ, ಹೋಳಿಗೆಯ ಮೇಲಿನ ತುಪ್ಪ, ಕೊಬ್ಬಿನ ಮಾಂಸ, ಮತ್ತು ಸಂಜೆಯ ಹೊತ್ತು ಬಜಾರದ ಮೂಲೆಯಲ್ಲಿ ಕಾಯ್ದ ಎಣ್ಣೆಯ ವಾಸನೆಯಿಂದಲೇ ಕರೆಯುವ ಮಿರ್ಚಿ ಭಜಿ. ಮಿರ್ಚಿ ಬಿಡೆಂದು ಗಂಗಾವತಿಯವರಿಗೂ ಕೊಪ್ಪಳದವರಿಗೂ ಹೇಳುವದು ಎಷ್ಟು ಕಠಿಣವೆಂಬದನ್ನು ನಾವು ಬಲ್ಲೆವು. ಆದರೂ ಶಸ್ತ್ರಕ್ರಿಯೆಯಾಗುವ ವರೆಗೆ ಬಿಡಬೇಕು. ಹೊಟ್ಟೆ ಬಿರಿಯುವಂತೆ ಒಮ್ಮೆ ಉಣ್ಣುವದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ನಾಲ್ಕು ಸಲ ಉಣ್ಣುವದು ಮೇಲು.

ಜಿಡ್ಡಿನಿಂದ ನೋವು ಬರುವದೆಂದು ಕೇಳಿ ಉಪವಾಸ ಹಿಡಿಯುವವರು ಉಂಟು. ಇದು ಮತ್ತೊಂದು ತಪ್ಪು. ದೀರ್ಘವಾದ ಉಪವಾಸದಿಂದ ಪಿತ್ತಕೋಶವು ಬರಿದಾಗದೆ ರಸವು ನಿಂತು ಗಟ್ಟಿಯಾಗುವದು. ತೂಕವನ್ನು ಒಮ್ಮೆಲೇ ಇಳಿಸುವದೂ ಹರಳನ್ನು ಬೆಳೆಯಿಸುವದು. ಶ್ರಾವಣ ಸೋಮವಾರದ, ಏಕಾದಶಿಯ, ನವರಾತ್ರಿಯ ವ್ರತಗಳನ್ನು ಹಿಡಿದ ತಾಯಂದಿರು ಈ ವರ್ಷದ ಮಟ್ಟಿಗೆ ದೇವರ ಕ್ಷಮೆ ಬೇಡಿ ಎರಡು ತುತ್ತು ಉಣ್ಣಲಿ. ದೇವರು ಮುನಿಯಲಾರನು.

ನೋವು ಬಂದಾಗ ಘನವಾದ ಆಹಾರವನ್ನು ನಿಲ್ಲಿಸಿ, ವೈದ್ಯರು ಮೊದಲೇ ಬರೆದುಕೊಟ್ಟ ಗುಳಿಗೆಯನ್ನು ಅವರು ಹೇಳಿದ ಪ್ರಮಾಣದಲ್ಲಿಯೇ ತೆಗೆದುಕೊಳ್ಳತಕ್ಕದ್ದು. ಡೈಕ್ಲೋಫೆನಾಕ್ ಜಾತಿಯ ಔಷಧಗಳು ಈ ನೋವಿಗೆ ಚೆನ್ನಾಗಿ ನಾಟುವವು. ಆದರೆ ಮೂತ್ರಪಿಂಡದ ದೋಷವುಳ್ಳವರಿಗೂ, ಜಠರದ ಹುಣ್ಣುಳ್ಳವರಿಗೂ, ಬಸುರಿಯರಿಗೂ ಅವುಗಳಿಂದ ಅಪಾಯವುಂಟು. ಅಂಗಡಿಯಲ್ಲಿ ಕೇಳಿ ಕೊಂಡು ನುಂಗತಕ್ಕವುಗಳಲ್ಲ. ಒಂದು ಸಣ್ಣ ಪುಸ್ತಕದಲ್ಲಿ ನೋವು ಬಂದ ತಾರೀಖು, ಹೊತ್ತು, ಎಷ್ಟು ತಾಸು ಇತ್ತು ಎಂಬದನ್ನು ಬರೆದಿಡಲಿ. ಅಕ್ಷರ ಬಾರದವರಿಗೆ ಶಾಲೆಗೆ ಹೋಗುವ ಮಗುವು ಬರೆದುಕೊಡಲಿ. ವೈದ್ಯರ ಮುಂದೆ ಆ ಪುಸ್ತಕವು ರೋಗಿಯ ಪರವಾಗಿ ವಕಾಲತ್ತು ಮಾಡುವದು. ಸ್ಕ್ಯಾನಿಂಗಿನ ವರದಿ, ರಕ್ತದ ಪರೀಕ್ಷೆಗಳು, ಔಷಧದ ಚೀಟಿಗಳು, ಕಾರ್ಡುಗಳು ಎಲ್ಲವೂ ಒಂದೇ ಚೀಲದಲ್ಲಿ ಇರಲಿ. ಕಾಯುವ ಕಾಲವನ್ನು ವ್ಯರ್ಥ ಮಾಡದೆ ರಕ್ತವನ್ನು ಹೆಚ್ಚಿಸಿಕೊಳ್ಳುವದು, ಸಕ್ಕರೆಯನ್ನು ಹತೋಟಿಯಲ್ಲಿಡುವದು, ಬೀಡಿ ಗುಟಕಾ ಬಿಡುವದು, ದಿನಾಲು ಸ್ವಲ್ಪ ನಡೆಯುವದು, ಇವುಗಳಿಂದ ಶಸ್ತ್ರಕ್ರಿಯೆಯ ದಿವಸ ದೇಹವು ಗಟ್ಟಿಯಾಗಿ ನಿಲ್ಲುವದು.

ಈ ಕೆಳಗಿನ ಮಾತುಗಳನ್ನು ವಾಚಕರು ಕತ್ತರಿಸಿ ಗೋಡೆಗೆ ಅಂಟಿಸಿದರೂ ತಪ್ಪಿಲ್ಲ. ನೋವು ಐದಾರು ತಾಸು ದಾಟಿದರೂ ನಿಲ್ಲದಿದ್ದರೆ; ಚಳಿ ನಡುಕದೊಡನೆ ಜ್ವರ ಬಂದರೆ; ಕಣ್ಣು ಮೈ ಹಳದಿಯಾಗಿ, ಮೂತ್ರವು ಕಪ್ಪು ಚಹದಂತಾಗಿ, ಮಲವು ಬೆಳ್ಳಗಾದರೆ; ವಾಂತಿಯು ನಿಲ್ಲದೆ ನೀರೂ ಒಳಗೆ ಉಳಿಯದಿದ್ದರೆ; ನೋವು ಹೊಟ್ಟೆಯ ನಡುವಿನಿಂದ ಬೆನ್ನನ್ನು ಇರಿದಂತೆ ಹೋದರೆ; ಮಂಪರು ಕವಿದು ಮಾತು ತೊದಲಿದರೆ, ಆಗ ಪಾಳಿಯೂ ಇಲ್ಲ, ತಾರೀಖೂ ಇಲ್ಲ. ಅದೇ ಗಳಿಗೆಗೆ 108ಕ್ಕೆ ಕರೆಮಾಡಿ ದೊಡ್ಡ ದವಾಖಾನೆಯನ್ನು ಸೇರಬೇಕು. ಬೆಳಗಾಗಲಿ, ಬಸ್ಸು ಬರಲಿ, ಹಿರಿಯರು ಬರಲಿ ಎಂದು ಕೂಡ್ರಬಾರದು. ಮುದುಕರಲ್ಲಿಯೂ ಮಧುಮೇಹಿಗಳಲ್ಲಿಯೂ ಒಳಗೆ ಉರಿಯೂತವು ಬೆಳೆದಿದ್ದರೂ ನೋವು ಅಷ್ಟಾಗಿ ತೋರದೆ ಇರಬಹುದು. ಅಂಥವರ ವಿಷಯದಲ್ಲಿ ಎಚ್ಚರವು ಇಮ್ಮಡಿಯಾಗಿರಲಿ. ಇಂಥ ಗಂಡಾಂತರದಲ್ಲಿ ಬಂದ ರೋಗಿಗೆ ಚಿಕಿತ್ಸೆಯನ್ನು ನಿರಾಕರಿಸುವದು ಸಂವಿಧಾನದ 21ನೆಯ ಕಲಮು ಕೊಟ್ಟ ಜೀವದ ಹಕ್ಕಿಗೆ ಭಂಗವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಪಶ್ಚಿಮ ಬಂಗಾಲದ ಖೇತ ಮಜದೂರ ಸಮಿತಿಯ ಮೊಕದ್ದಮೆಯಲ್ಲಿ, ಸ್ಪಷ್ಟವಾಗಿ ಹೇಳಿರುತ್ತದೆ. ರೈಲಿನಿಂದ ಬಿದ್ದ ಒಬ್ಬ ಕೂಲಿಯನ್ನು ಸರಕಾರಿ ದವಾಖಾನೆಗಳು ಹಾಸಿಗೆಯಿಲ್ಲವೆಂದು ಒಂದರಿಂದ ಒಂದಕ್ಕೆ ಅಟ್ಟಿದ ಪ್ರಕರಣವದು. ಹಣದ ಅಭಾವವು ಸರಕಾರಕ್ಕೆ ನೆಪವಾಗಲಾರದೆಂದೂ ಆಗ ನ್ಯಾಯಾಲಯವು ತಿಳಿಸಿತು.

ಕಾಯುವವರನ್ನು ಸುಲಿಯುವವರ ವಿಷಯವಾಗಿಯೂ ಒಂದು ಮಾತು. ಮೂತ್ರಪಿಂಡದ ಹರಳು ಬೇರೆ, ಪಿತ್ತಕೋಶದ ಹರಳು ಬೇರೆ. ಎರಡಕ್ಕೂ ನಮ್ಮಲ್ಲಿ ಹರಳೆಂಬ ಒಂದೇ ಹೆಸರಿರುವದರಿಂದ ಜನರು ಗೊಂದಲಕ್ಕೊಳಗಾಗುವರು. ಮೂತ್ರಪಿಂಡದ ಸಣ್ಣ ಹರಳು ನೀರು ಕುಡಿದರೆ ಮೂತ್ರದಲ್ಲಿ ಇಳಿದುಹೋಗಬಹುದು. ಪಿತ್ತಕೋಶದಿಂದ ಮೂತ್ರಕ್ಕೆ ದಾರಿಯೇ ಇಲ್ಲ. ಎಣ್ಣೆ ಮತ್ತು ನಿಂಬೆಯ ರಸವನ್ನು ಬಟ್ಟಲುಗಟ್ಟಲೆ ಕುಡಿಸಿ, ಮರುದಿವಸ ಮಲದಲ್ಲಿ ಬಿದ್ದ ಹಸುರು ಉಂಡೆಗಳನ್ನು ತೋರಿಸಿ ಹರಳು ಬಿತ್ತೆನ್ನುವವರು ಉಂಟು; ಪರೀಕ್ಷಿಸಿ ನೋಡಿದಾಗ ಅವು ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾದ ಉಂಡೆಗಳೆಂದು ಗೊತ್ತಾಗಿದೆ. ಹರಳನ್ನು ಕರಗಿಸುವ ಗುಳಿಗೆಯೊಂದು ಆಧುನಿಕ ವೈದ್ಯದಲ್ಲಿ ಇರುವದು ನಿಜ. ಆದರೆ ಅದು ಸಣ್ಣ ಕೊಲೆಸ್ಟರಾಲಿನ ಹರಳುಗಳಿಗೆ ಮಾತ್ರ, ಅದೂ ತಿಂಗಳುಗಟ್ಟಲೆ ನುಂಗಿದರೆ, ಕೆಲಸಮಾಡುವದು. ನಿಲ್ಲಿಸಿದ ಮೇಲೆ ಅನೇಕರಿಗೆ ಹರಳು ಮರಳಿ ಕಟ್ಟುವದು. ಬಡವನ ಹಣವು ಇಂಥ ದಾರಿಗಳಲ್ಲಿ ಸೋರಿಹೋಗದಂತೆ ಓದುಬಲ್ಲವರು ತಡೆಯಬೇಕು.

ಈಗ ಆಡಳಿತದ ಕಡೆಗೆ ತಿರುಗುತ್ತೇವೆ. ಕೊಪ್ಪಳ, ಯಲಬುರ್ಗಾಗಳು ನಿಜಾಮರ ರಾಜ್ಯದಲ್ಲಿ ಸಾಲಾರಜಂಗರ ಜಹಗೀರಾಗಿದ್ದವು. ಆ ಕಾಲದ ಪ್ರಜೆಯು ದವಾಖಾನೆಯನ್ನು ಬೇಡಿದರೆ ಅದು ಜಹಗೀರದಾರರ ದಯೆ; ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. 1947-48ರಲ್ಲಿ ಗಡಿಯಾಚೆ ಮುಂಡರಗಿಯ ಶಿಬಿರದಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ ನಮ್ಮ ತರುಣರು ಪ್ರಾಣವನ್ನು ಒತ್ತೆಯಿಟ್ಟು ಹೋರಾಡಿದ್ದು ಆ ದಯೆಯ ರಾಜ್ಯವು ಹೋಗಿ ಹಕ್ಕಿನ ರಾಜ್ಯವು ಬರಲೆಂದು. 1948ರ ಸೆಪ್ಟೆಂಬರ 17ಕ್ಕೆ ವಿಮೋಚನೆಯಾಯಿತು. 1956ರಲ್ಲಿ ಕನ್ನಡನಾಡು ಒಂದಾಯಿತು. 1998ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳವೇ ಜಿಲ್ಹೆಯಾಯಿತು. 2002ರಲ್ಲಿ ಡಾಕ್ಟರ ನಂಜುಂಡಪ್ಪನವರ ಸಮಿತಿಯು 114 ತಾಲೂಕುಗಳನ್ನು ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಎಣಿಸಿ, ಕುಷ್ಟಗಿ ಯಲಬುರ್ಗಾಗಳನ್ನು ಆ ಕೊನೆಯ ಸಾಲಿಗೆ ಸೇರಿಸಿತು. ಸಂವಿಧಾನಕ್ಕೆ 371 (ಜೆ) ಕಲಮು ಸೇರಿತು. 2015ರಲ್ಲಿ ಕೊಪ್ಪಳದಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವು ಪ್ರಾರಂಭವಾಯಿತು. 2018ರಿಂದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ಚಿಕಿತ್ಸೆಯ ವೆಚ್ಚವನ್ನು ಸರಕಾರವು ಹೊರುತ್ತದೆ. ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಗೆ 5000 ಕೋಟಿ ರೂಪಾಯಿಗಳನ್ನು ಮುಂಗಡಪತ್ರದಲ್ಲಿ ಸಾರಲಾಗಿದೆ. ಇವು ಯಾವವೂ ಸಣ್ಣ ಸಂಗತಿಗಳಲ್ಲ. ಇವುಗಳನ್ನು ಮಾಡಿದವರಿಗೆ ನಾವು ಕೃತಜ್ಞರಾಗಿರುತ್ತೇವೆ. ಆದರೆ ಕಟ್ಟಡವು ಶಸ್ತ್ರಕ್ರಿಯೆ ಮಾಡುವದಿಲ್ಲ, ಕಾರ್ಡು ಅರಿವಳಿಕೆ ಕೊಡುವದಿಲ್ಲ. ಹಕ್ಕು ಬರಹದಲ್ಲಿ ಬಂದಿದೆ. ತಾರೀಖು ಮಾತ್ರ ಇನ್ನೂ ದಯೆಯಾಗಿಯೇ ಉಳಿದಿದೆ.

ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ಮೇಲ್ಪಂಕ್ತಿಯಿದೆ. 2011ರ ಕಾಯಿದೆಯ ಮೇರೆಗೆ 2012ರ ಏಪ್ರಿಲದಿಂದ ನಡೆದುಬಂದ ಸಕಾಲ ಪದ್ಧತಿಯಲ್ಲಿ, ಜಾತಿಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವನಿಗೆ ಒಂದು ಸಂಖ್ಯೆ ದೊರೆಯುವದು, ಕೆಲಸವಾಗಬೇಕಾದ ದಿವಸವು ಗೊತ್ತಾಗುವದು, ತಪ್ಪಿದರೆ ದಿವಸಕ್ಕೆ 20 ರೂಪಾಯಿಯಂತೆ 500 ರೂಪಾಯಿಗಳ ವರೆಗೆ ಪರಿಹಾರವನ್ನು ಕೇಳಲು ಬರುವದು. ಕಾಗದಕ್ಕೆ ತಾರೀಖು ಕೊಡುವ ಸರಕಾರವು ಹೊಟ್ಟೆಯಲ್ಲಿ ಹರಳು ಹೊತ್ತ ತಾಯಿಗೆ ತಾರೀಖು ಕೊಡಲಾರದೇಕೆ? ಇಂಗ್ಲಂಡದ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿಯೂ ರೋಗಿಗಳು ಬಹಳ ಕಾಯುವರು. ಕೋವಿಡಿನ ತರುವಾಯ ಅಲ್ಲಿಯ ಪಾಳಿಯು 70 ಲಕ್ಷವನ್ನು ದಾಟಿತು. ಆದರೆ ನೂರಕ್ಕೆ 92 ಜನರಿಗೆ 18 ವಾರಗಳೊಳಗೆ ಚಿಕಿತ್ಸೆ ಪ್ರಾರಂಭವಾಗಬೇಕೆಂಬ ಗೊತ್ತು ಅಲ್ಲಿದೆ. ಅದು ತಪ್ಪಿದಾಗ ಎಷ್ಟು ತಪ್ಪಿತೆಂಬದನ್ನು ಅವರು ತಿಂಗಳು ತಿಂಗಳಿಗೆ ಪ್ರಕಟಿಸುವರು. ಜನರು ಅದನ್ನೋದಿ ಸಿಟ್ಟಾಗುವರು. ಮಂತ್ರಿಗಳು ಉತ್ತರ ಹೇಳುವರು. ನಮ್ಮಲ್ಲಿ ಸಿಟ್ಟಾಗಲಿಕ್ಕೆ ಅಂಕಿಯೇ ಇಲ್ಲ.

ನಾವು ಕೇಳುವದು ಬಹಳವಲ್ಲ. ಶಸ್ತ್ರಕ್ರಿಯೆ ಬೇಕೆಂದು ವೈದ್ಯರು ನಿರ್ಣಯಿಸಿದ ದಿವಸವೇ ರೋಗಿಗೆ ಪಾಳಿಯ ಸಂಖ್ಯೆಯನ್ನೂ ಅಂದಾಜಿನ ತಾರೀಖನ್ನೂ ಬರೆದ ಚೀಟಿಯನ್ನು ಕೊಡತಕ್ಕದ್ದು. ಪಾಳಿಯು ಬಂದ ಕ್ರಮಕ್ಕಿಂತ ರೋಗದ ಕ್ರಮವನ್ನು ಅನುಸರಿಸತಕ್ಕದ್ದು. ಎರಡು ಸಲ ನೋವಿನಿಂದ ದವಾಖಾನೆ ಸೇರಿದವರು ತಾವಾಗಿಯೇ ಮೇಲೇರಬೇಕು. ಮೇಲೆ ಹೇಳಿದ ಅಪಾಯದ ಚಿಹ್ನೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಆ ಚೀಟಿಯ ಹಿಂದೆಯೇ ಕೊಡತಕ್ಕದ್ದು. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ದವಾಖಾನೆಗಳಲ್ಲಿ ವಾರದಲ್ಲಿ ಗೊತ್ತಾದ ಒಂದು ದಿವಸ ಶಸ್ತ್ರವೈದ್ಯರೂ ಅರಿವಳಿಕೆಯ ವೈದ್ಯರೂ ಕೂಡಿ ಇರುವಂತೆ ಏರ್ಪಡಿಸತಕ್ಕದ್ದು. ಅಲ್ಲಿ ದುರ್ಬೀನಿನ ಸಾಧನವಿಲ್ಲದಿದ್ದರೂ ಸಣ್ಣ ಕೊಯ್ತದ ತೆರೆದ ಶಸ್ತ್ರಕ್ರಿಯೆಯು ಕೀಳಾದದ್ದಲ್ಲ, ನುರಿತ ಕೈಯಲ್ಲಿ ಅದರ ಫಲವು ಬಹುಮಟ್ಟಿಗೆ ಸಮವೆಂದೇ ಪರೀಕ್ಷೆಗಳು ತೋರಿಸಿವೆ. ಕಡೆಯದಾಗಿ, ಎಷ್ಟು ಜನರು ಕಾಯುತ್ತಿರುವರು, ಎಷ್ಟು ದಿವಸ ಕಾಯ್ದರು ಎಂಬದನ್ನು ಪ್ರತಿ ತಿಂಗಳ ಮೊದಲನೆಯ ದಿವಸ ದವಾಖಾನೆಯ ಹಲಗೆಯ ಮೇಲೆ, ಹೆಸರುಗಳಿಲ್ಲದೆ, ಬರೆಯತಕ್ಕದ್ದು. ಈ ಐದರಲ್ಲಿ ನಾಲ್ಕಕ್ಕೆ ಬೇಕಾದದ್ದು ಕಾಗದ, ಸುಣ್ಣದ ಕಡ್ಡಿ ಮತ್ತು ಮನಸ್ಸು.

ಅಧಿಕಾರಿಗಳನ್ನಷ್ಟೇ ದೂರಿ ಮುಗಿಸಿದರೆ ನಾವು ಅರ್ಧ ಸತ್ಯವನ್ನು ಹೇಳಿದಂತಾಗುವದು. ಪಾಳಿಯನ್ನು ಕೆಡಿಸುವವರಲ್ಲಿ ನಾವೂ ಇದ್ದೇವೆ. ನಮ್ಮವರೊಬ್ಬರಿಗೆ ಹೊಟ್ಟೆ ನೊಂದಾಗ ಗುರುತಿನ ಅಧಿಕಾರಿಗೆ ಒಂದು ಫೋನು, ಮುಖಂಡರಿಂದ ಒಂದು ಚೀಟಿ, ಇದಕ್ಕೆ ನಾವು ಅನುಕೂಲವೆಂದು ಹೆಸರಿಟ್ಟಿದ್ದೇವೆ. ಅದರ ನಿಜವಾದ ಹೆಸರು ವಶೀಲಿ. ಒಬ್ಬರು ವಶೀಲಿಯಿಂದ ಮುಂದೆ ಸರಿದಾಗಲೆಲ್ಲ ವಶೀಲಿಯಿಲ್ಲದವರೊಬ್ಬರು ಹಿಂದೆ ಸರಿಯುವರು. ಆ ಒಬ್ಬರ ಮುಖವನ್ನು ನಾವು ನೋಡಿರುವದಿಲ್ಲ, ಅಷ್ಟೆ. ಕೊಪ್ಪಳದ ಗವಿಸಿದ್ಧೇಶ್ವರರ ಜಾತ್ರೆಯಲ್ಲಿ ದಾಸೋಹದ ಪಂಕ್ತಿಯನ್ನು ನಮ್ಮ ವಾಚಕರು ಕಂಡಿರುವರು. ಸಾವಿರಗಟ್ಟಲೆ ಜನರು ಸಾಲಾಗಿ ಬರುವರು, ಉಣ್ಣುವರು, ಏಳುವರು. ಅಲ್ಲಿ ಯಾರೂ ಚೀಟಿ ತರುವದಿಲ್ಲ. ಯಾಕಂದರೆ ಹೊತ್ತಾದರೂ ತನ್ನ ತಟ್ಟೆಗೆ ಅನ್ನವು ಬಂದೇ ಬರುವದೆಂದು ಪ್ರತಿಯೊಬ್ಬನೂ ಬಲ್ಲನು. ನಂಬಿಕೆಯಿದ್ದಲ್ಲಿ ಪಂಕ್ತಿಯು ನಿಲ್ಲುವದು. ನಂಬಿಕೆ ಹೋದಲ್ಲಿ ನೂಕಾಟವಾಗುವದು. ದವಾಖಾನೆಯ ಬಾಗಿಲಲ್ಲಿ ಇಂದು ಬೇಕಾದದ್ದು ಅಂಥ ನಂಬಿಕೆಯು. ಅದು ಪಾಳಿಯ ಚೀಟಿಯಿಂದ ಪ್ರಾರಂಭವಾಗಿ ನಮ್ಮ ಸಂಯಮದಿಂದ ಬೆಳೆಯತಕ್ಕದ್ದು.

ಓದುಬಲ್ಲ ಪ್ರತಿಯೊಬ್ಬ ಗೃಹಸ್ಥನೂ ತನ್ನ ಓಣಿಯಲ್ಲಿ ಹೀಗೆ ಕಾಯುತ್ತಿರುವವರು ಯಾರೆಂದು ವಿಚಾರಿಸಲಿ. ಅವರ ಕಾಗದಗಳನ್ನು ಓದಿ ಹೇಳಲಿ, ಹೆಸರಿನ ತಪ್ಪುಗಳನ್ನು ತಿದ್ದಿಸಿಕೊಡಲಿ, ರಕ್ತ ಬೇಕಾದರೆ ಕೊಡಲಿ, ತಾರೀಖಿನ ದಿವಸ ಜೊತೆಗೆ ಹೋಗಲಿ. ಜಿಲ್ಹೆಯ ಅಧಿಕಾರಿಗಳು ಬರುವ ತಿಂಗಳಿನಿಂದಲೇ ಪಾಳಿಯ ಪುಸ್ತಕವೊಂದನ್ನು ತೆರೆಯಲಿ. ಅದರ ಮೊದಲನೆಯ ಹಾಳೆಯಲ್ಲಿ ಕುಷ್ಟಗಿಯದೋ ಯಲಬುರ್ಗಾದ್ದೋ ಒಬ್ಬ ಕೂಲಿಯ ಹೆಸರೂ, ಅದರ ಮುಂದೆ ಒಂದು ತಾರೀಖೂ ಬೀಳಲಿ. ಆ ತಾರೀಖು ತಪ್ಪದಿರಲಿ. ಸ್ವರಾಜ್ಯವೆಂಬ ದೊಡ್ಡ ಮಾತು ಆ ತಾಯಿಗೆ ಅಂದು ಅರ್ಥವಾಗುವದು.